ಬಿಟ್ಟ ಮೇಲಿನ ದಿನಗಳು: ವ್ಯಸನ ಚಿಕಿತ್ಸೆಯಲ್ಲಿ ನಾವು ಕಡೆಗಣಿಸಿರುವ ಅಪಾಯ

ವ್ಯಸನಿಯನ್ನು ಆಸ್ಪತ್ರೆಗೆ ಕರೆತರುವ ಮನೆಯವರು ವೈದ್ಯರ ಮುಂದೆ ಇಡುವ ಬೇಡಿಕೆ ಬಹುತೇಕ ಒಂದೇ: "ಹೇಗಾದರೂ ಮಾಡಿ ಬಿಡಿಸಿಕೊಡಿ ಡಾಕ್ಟ್ರೇ." ಹದಿನೈದು ದಿನ ಒಳಗಿಟ್ಟು, ಮೈಯಲ್ಲಿರುವ ವಿಷವನ್ನೆಲ್ಲ ಇಳಿಸಿ, ನಾಲ್ಕು ಬುದ್ಧಿಮಾತು ಹೇಳಿ ಕಳಿಸಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಈ ಬೇಡಿಕೆಯ ಹಿಂದಿದೆ. ಪೊಲೀಸ್ ದಾಳಿ, ಜಾಗೃತಿ ಜಾಥಾ, ಪ್ರತಿಜ್ಞಾ ಸಮಾರಂಭಗಳಲ್ಲೂ ಇದೇ ನಂಬಿಕೆ ಕೆಲಸ ಮಾಡುತ್ತಿದೆ. ಎಲ್ಲರ ಗಮನವೂ ಬಿಡುವ ಆ ಒಂದು ದಿನದ ಮೇಲಿದೆ. ಆದರೆ ವೈದ್ಯಶಾಸ್ತ್ರ, ಮನೋವಿಜ್ಞಾನ ಮತ್ತು ವಿಷವಿಜ್ಞಾನಗಳು ಕಳೆದ ಐವತ್ತು ವರ್ಷಗಳಲ್ಲಿ ಕಂಡುಕೊಂಡದ್ದನ್ನು ಒಟ್ಟಿಗಿಟ್ಟು ನೋಡಿದರೆ, ಪ್ರಾಣಕ್ಕೆ ಎರವಾಗುವ ಘಳಿಗೆಗಳಲ್ಲಿ ಅನೇಕವು ಬಿಟ್ಟ ನಂತರದ ಮೊದಲ ನಾಲ್ಕು ದಿನಗಳಲ್ಲಿ ಅಥವಾ ಬಿಟ್ಟವರು ಮತ್ತೆ ಒಮ್ಮೆ ಮುಟ್ಟುವ ದಿನದಲ್ಲಿ ಇರುವುದು ಕಾಣುತ್ತದೆ. ನಮ್ಮ ವ್ಯವಸ್ಥೆ ಕೈಬಿಟ್ಟಿರುವುದೂ ಅದೇ ಅವಧಿಯನ್ನು.

ಸಮಸ್ಯೆಯ ಗಾತ್ರವನ್ನು ಮೊದಲು ನೋಡೋಣ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕ ವಸ್ತು ಅವಲಂಬನೆ ಚಿಕಿತ್ಸಾ ಕೇಂದ್ರವು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ 14.6ರಷ್ಟು ಜನ ಮದ್ಯ ಸೇವಿಸುತ್ತಾರೆ. ಗಾಂಜಾ, ಚರಸ್, ಭಂಗಿ ಸೇರಿ ಶೇ 2.8, ಅಫೀಮು ಮೂಲದ ಹಾಗೂ ಅದನ್ನು ಹೋಲುವ ಓಪಿಯಾಯ್ಡ್‌ಗಳು ಶೇ 2.1. ಮದ್ಯದಿಂದ ತೊಂದರೆಗೊಳಗಾಗಿ ನೆರವಿನ ಅಗತ್ಯವಿರುವವರು ಸುಮಾರು 5.7 ಕೋಟಿ. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ ಎಂಬುದು ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಖ್ಯೆ. ಉಳಿದ 37 ಜನರಲ್ಲೂ ಅನೇಕರು ಒಂದಲ್ಲ ಒಂದು ದಿನ ಬಿಡಲು ಯತ್ನಿಸಿರುತ್ತಾರೆ. ಹೆಚ್ಚಿನವರು ಮನೆಯಲ್ಲಿ, ಯಾವ ವೈದ್ಯರ ಕಣ್ಣಿಗೂ ಬೀಳದೆ.

ಹಾಗೆ ತಾವಾಗಿಯೇ ಬಿಡುವುದು ಕೆಲವು ಪದಾರ್ಥಗಳ ಮಟ್ಟಿಗೆ ಕಷ್ಟದ ಕೆಲಸ ಮಾತ್ರ. ಮದ್ಯದ ಮಟ್ಟಿಗೆ ಅದು ಜೀವಾಪಾಯ. ಮಿದುಳಿನಲ್ಲಿ ನರಕೋಶಗಳನ್ನು ತಣಿಸುವ ಗಾಬಾ ಮತ್ತು ಕೆರಳಿಸುವ ಗ್ಲುಟಮೇಟ್ ಎಂಬ ಎರಡು ರಾಸಾಯನಿಕಗಳ ನಡುವೆ ಸಮತೋಲವಿರುತ್ತದೆ. ಮದ್ಯ ಮೊದಲಿನದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ದಿನವೂ ಕುಡಿದಾಗ ಮಿದುಳು ಇದಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತದೆ: ಗಾಬಾ ಗ್ರಾಹಕಗಳು (ನರಕೋಶದ ಮೇಲೆ ಆ ರಾಸಾಯನಿಕ ಬಂದು ಕೂರುವ ತಾಣಗಳು) ಮಂದವಾಗುತ್ತವೆ, ಗ್ಲುಟಮೇಟ್ ಗ್ರಾಹಕಗಳು ಹೆಚ್ಚುತ್ತವೆ. ಬಾಗಿಲನ್ನು ಆಚೆಯಿಂದ ಒಬ್ಬ ಒತ್ತುತ್ತಿರುವಾಗ ಈಚೆಯವನು ಅಷ್ಟೇ ಬಲದಿಂದ ಒತ್ತಿ ನಿಂತಿದ್ದು, ಆಚೆಯವನು ಏಕಾಏಕಿ ಕೈಬಿಟ್ಟರೆ ಈಚೆಯವನು ಮುಗ್ಗರಿಸುವಂತೆ, ಮದ್ಯ ನಿಂತ ಕೂಡಲೇ ಇಡೀ ನರಮಂಡಲ ಕೆರಳಿದ ಸ್ಥಿತಿಗೆ ಬೀಳುತ್ತದೆ. ಹಿಂತೆಗೆತದ ಲಕ್ಷಣಗಳು ಎನ್ನುವುದು ಇದನ್ನೇ. ಬೆಳಿಗ್ಗೆ ಎದ್ದಾಗ ಲೋಟ ಹಿಡಿಯಲಾಗದಷ್ಟು ಕೈ ನಡುಗಿ, ಒಂದು ಪೆಗ್ ಒಳಗೆ ಹೋದ ಮೇಲೆ ನಡುಕ ನಿಲ್ಲುತ್ತಿದ್ದರೆ ದೇಹ ಈ ಹಂತ ತಲುಪಿದೆ ಎಂದೇ ಅರ್ಥ.

ಕೊನೆಯ ಕುಡಿತದ ನಂತರ ಆರರಿಂದ ಇಪ್ಪತ್ನಾಲ್ಕು ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಅತ್ಯಂತ ಅಪಾಯಕಾರಿಯಾದ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಅಂದರೆ ಮನೆಯವರು "ಮೂರು ದಿನವಾಯಿತು, ಮುಟ್ಟಿಲ್ಲ" ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ. ರೋಗಿ ಹಾಸಿಗೆಯ ಮೇಲೆ ಇಲ್ಲದ ಹುಳುಗಳನ್ನು ಹೆಕ್ಕಿ ತೆಗೆಯುತ್ತಾರೆ. ಗೋಡೆಯ ಮೇಲೆ ಯಾರೋ ಹರಿದಾಡುತ್ತಿದ್ದಾರೆ ಎನ್ನುತ್ತಾರೆ. ಚಾಲಕರಾಗಿದ್ದವರು ಮಲಗಿದಲ್ಲೇ ಸ್ಟೇರಿಂಗ್ ತಿರುಗಿಸುತ್ತಾರೆ, ನೇಕಾರರಾಗಿದ್ದವರು ಗಾಳಿಯಲ್ಲಿ ಎಳೆ ಜೋಡಿಸುತ್ತಾರೆ. ಹಗಲೋ ರಾತ್ರಿಯೋ, ತಾನು ಎಲ್ಲಿದ್ದೇನೆ ಎಂಬುದು ತಿಳಿಯುವುದಿಲ್ಲ. ಜ್ವರ ಏರುತ್ತದೆ, ನಾಡಿ ಓಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಇದನ್ನು ಗಾಳಿ ಸೋಕಿದೆ ಎಂದು ತಿಳಿದು ತಾಯತ ಕಟ್ಟಿಸಲು ಕರೆದೊಯ್ಯುವವರು ಇಂದಿಗೂ ಇದ್ದಾರೆ. ಕಾಲು ಮುರಿದು ಆಸ್ಪತ್ರೆ ಸೇರಿ ಅನಿವಾರ್ಯವಾಗಿ ಕುಡಿತ ನಿಂತವರಲ್ಲೂ ಮೂರನೆಯ ದಿನ ಇದು ಕಾಣಿಸಿಕೊಳ್ಳುತ್ತದೆ. ದಾಖಲಿಸಿಕೊಳ್ಳುವಾಗ ಕುಡಿತದ ಬಗ್ಗೆ ಯಾರೂ ಕೇಳಿರುವುದಿಲ್ಲ. ಚಿಕಿತ್ಸೆಯೇ ಇಲ್ಲದ ಕಾಲದಲ್ಲಿ ಈ ಸ್ಥಿತಿಗೆ ಬಂದವರಲ್ಲಿ ಮೂರರಲ್ಲೊಂದು ಪಾಲಿನವರೆಗೂ ಸಾಯುತ್ತಿದ್ದರು. ಲೋರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂತಹ ಔಷಧಿಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ದಿನದಿನಕ್ಕೆ ಪ್ರಮಾಣ ಇಳಿಸುತ್ತ ಬಂದರೆ ಸಾವಿನ ಪ್ರಮಾಣ ಶೇ 5ಕ್ಕಿಂತ ಕೆಳಗಿಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬಹುದಾದ, ದುಬಾರಿಯಲ್ಲದ ಔಷಧಿಗಳಿವು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಮದ್ಯದಂಗಡಿಗಳು ಒಂದೇ ದಿನ ಬಾಗಿಲು ಹಾಕಿದಾಗ ಇದು ದೊಡ್ಡ ಪ್ರಮಾಣದಲ್ಲಿ ಕಣ್ಣಿಗೆ ಬಿತ್ತು. ಕರ್ನಾಟಕದಲ್ಲಿ ಅಂಗಡಿಗಳು ಮತ್ತೆ ತೆರೆದದ್ದು ಮೇ 4ರಂದು. ಆ ಅವಧಿಯಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಡೆಲಿರಿಯಂನೊಂದಿಗೆ ಬರುವವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್‌ನ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಅಂಗಡಿ ಮುಚ್ಚುವ ಆದೇಶದ ಜೊತೆಗೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಿಂತೆಗೆತಕ್ಕೆ ಚಿಕಿತ್ಸೆ ಸಿಗುತ್ತದೆ ಎಂಬ ಆದೇಶವೂ ಹೊರಡಬೇಕಿತ್ತು.

ಈ ಹಿನ್ನೆಲೆಯಲ್ಲಿ ನಮ್ಮ ನಾಡಿನದೇ ಆದ ಎರಡು ಪ್ರಯತ್ನಗಳನ್ನು ನೋಡಬೇಕು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ಸುತ್ತಿ, ಜೋಳಿಗೆ ಹಿಡಿದು, ನಿಮ್ಮ ದುಶ್ಚಟಗಳನ್ನು ಇದರೊಳಗೆ ಹಾಕಿ ಎಂದು ಕೇಳಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿಯ ಶಾಲೆ, ಸಮುದಾಯ ಭವನಗಳಲ್ಲೇ ನಡೆಯುತ್ತ ಬಂದಿವೆ. ಇವನ್ನು ಕೇವಲ ಧಾರ್ಮಿಕ ಕಾರ್ಯಕ್ರಮ ಎಂದು ತಳ್ಳಿಹಾಕುವುದು ತಪ್ಪು. ಹತ್ತು ಜನರ ಎದುರು ಕೊಟ್ಟ ಮಾತಿಗೆ ಮನಸ್ಸಿನ ಮೇಲಿರುವ ಹಿಡಿತವನ್ನು ಮನೋವಿಜ್ಞಾನ ಒಪ್ಪುತ್ತದೆ. ತನ್ನಂತೆಯೇ ಬಿಟ್ಟ ಇನ್ನೊಬ್ಬನ ಮುಖ ನೋಡಿ ಹುಟ್ಟುವ ಧೈರ್ಯ ಯಾವ ಮಾತ್ರೆಯಿಂದಲೂ ಬರುವುದಿಲ್ಲ. ಆದರೆ ಜೋಳಿಗೆಗೆ ಚಟ ಹಾಕಿ ಮನೆಗೆ ಹೋದ, ಇಪ್ಪತ್ತು ವರ್ಷ ದಿನವೂ ಕುಡಿದ ವ್ಯಕ್ತಿಗೆ ಮೂರನೆಯ ರಾತ್ರಿ ಏನಾಗಬಹುದು ಎಂಬುದು ಪ್ರತಿಜ್ಞೆ ಬೋಧಿಸುವವರಿಗೆ ಗೊತ್ತಿರಲೇಬೇಕು. ಅಂತಹ ಪ್ರತಿ ಸಮಾರಂಭದಲ್ಲೂ ಒಬ್ಬ ವೈದ್ಯಾಧಿಕಾರಿ ಮೇಜು ಹಾಕಿ ಕುಳಿತು, ಬೆಳಿಗ್ಗೆ ಕೈ ನಡುಗುತ್ತದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳುವಂತಾಗಬೇಕು. ಹೌದು ಎಂದವರು ಆಸ್ಪತ್ರೆಯ ನಿಗಾದಲ್ಲೇ ಬಿಡಬೇಕು.

ಇನ್ನೊಂದು ಅಪಾಯ ತೀರಾ ಸಾಧಾರಣ ರೂಪದಲ್ಲಿ ಬರುತ್ತದೆ. ಕುಡಿದು ಕುಡಿದು ಊಟ ಬಿಟ್ಟವರ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುತ್ತದೆ. ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವುದು ನಮ್ಮಲ್ಲಿ ರೂಢಿ. ಗ್ಲೂಕೋಸನ್ನು ಶಕ್ತಿಯಾಗಿ ಬಳಸಿಕೊಳ್ಳಲು ಥಯಾಮಿನ್ ಬೇಕು. ಇದ್ದ ಅಲ್ಪಸ್ವಲ್ಪವೂ ಅದರಲ್ಲಿ ಖರ್ಚಾದಾಗ ಮಿದುಳಿನ ಕೆಲವು ಭಾಗಗಳಿಗೆ ಹಾನಿಯಾಗಿ ಗೊಂದಲ, ಕಣ್ಣುಗುಡ್ಡೆಯ ಚಲನೆಯಲ್ಲಿ ಏರುಪೇರು, ನಡಿಗೆಯಲ್ಲಿ ತೂರಾಟ ಕಾಣಿಸಿಕೊಳ್ಳುತ್ತವೆ. ವೆರ್ನಿಕೆ ಎನ್ಸೆಫಲೋಪತಿ ಎಂಬ ಈ ಸ್ಥಿತಿಯನ್ನು "ಇನ್ನೂ ಅಮಲು ಇಳಿದಿಲ್ಲ" ಎಂದುಕೊಂಡು ಬಿಟ್ಟರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಗ್ಲೂಕೋಸ್‌ಗೆ ಮೊದಲು ಅಥವಾ ಅದರ ಜೊತೆಗೇ ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಇದನ್ನು ತಡೆಯಬಹುದು.

"ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಎಂಬ ಜಾಹೀರಾತುಗಳು ಬಸ್ ನಿಲ್ದಾಣದ ಗೋಡೆಯಲ್ಲಿ, ಈಗ ಮೊಬೈಲ್‌ನಲ್ಲೂ ಕಾಣುತ್ತವೆ. ಲೇಬಲ್ಲಿಲ್ಲದ ಪುಡಿಯೊಂದರಲ್ಲಿ ಏನಿದೆ ಎಂದು ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ. ಈ ಮಾದರಿಯ ಆಸೆಯ ಹಿಂದಿರುವ ನಿಜವಾದ ಔಷಧಿ ಡೈಸಲ್ಫಿರಾಮ್. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದನ್ನು ಮದ್ಯವ್ಯಸನಕ್ಕೆ ಬಳಕೆಗೆ ತಂದರು. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರುಪದ್ರವಿ ಅಸಿಟೇಟ್ ಆಗಿ ಒಡೆಯುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಮೆಟ್ಟಿಲನ್ನು ತಡೆಯುತ್ತದೆ. ಆಮೇಲೆ ಕುಡಿದರೆ ಅಸಿಟಾಲ್ಡಿಹೈಡ್ ರಕ್ತದಲ್ಲಿ ತುಂಬಿ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಪರಿಣಾಮ ತಿಳಿದು, ಒಪ್ಪಿ, ಮನೆಯವರ ಎದುರು ದಿನವೂ ನುಂಗುವವರಿಗೆ ಇದು ಒಳ್ಳೆಯ ಕಾವಲು. ಗೊತ್ತಿಲ್ಲದೆ ಸಾರಿನಲ್ಲಿ ಬೆರೆಸಿಕೊಟ್ಟಾಗ, ಅದೇ ಸಂಜೆ ಎಂದಿನಂತೆ ಕುಡಿಯುವ, ಹೃದಯದ ತೊಂದರೆಯೂ ಇರುವ ವ್ಯಕ್ತಿಗೆ ಇದು ವಿಷಪ್ರಾಶನವೇ. ಹೆಂಡತಿಯೋ ತಾಯಿಯೋ ಹತಾಶೆಯಿಂದ ಈ ದಾರಿ ಹಿಡಿಯುತ್ತಾರೆ ಎಂಬುದು ನನಗೆ ಅರ್ಥವಾಗುತ್ತದೆ. ಅವರಿಗೆ ಬೇರೆ ದಾರಿ ತೋರಿಸದವರ ಹೊಣೆಯೇ ಇದರಲ್ಲಿ ದೊಡ್ಡದು.

ಪೂರೈಕೆಯನ್ನು ತಡೆದರೆ ವ್ಯಸನ ತಾನಾಗಿ ಇಳಿಯುತ್ತದೆ ಎಂಬ ವಾದಕ್ಕೂ ಕರ್ನಾಟಕದಲ್ಲೇ ಉತ್ತರವಿದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅಂತಹ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ. ಅದು ಯಕೃತ್ತಿನಲ್ಲಿ ಫಾರ್ಮಿಕ್ ಆಮ್ಲವಾಗಿ ಬದಲಾಗಿ ಜೀವಕೋಶಗಳ ಉಸಿರಾಟವನ್ನೇ ಕಟ್ಟುತ್ತದೆ, ಕಣ್ಣಿನ ನರವನ್ನು ಮೊದಲು ಹೊಡೆಯುತ್ತದೆ. ಬದಲಾಗಲು ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನವೇ ಹಿಡಿಯುವುದರಿಂದ ಕುಡಿದವರು ಚೆನ್ನಾಗಿಯೇ ಮಲಗಿ, ಮರುದಿನ ಕಣ್ಣು ಮಂಜಾಗಿ ಏಳುತ್ತಾರೆ. ಆ ಬದಲಾವಣೆಯನ್ನು ತಡೆಯಲು ಫೋಮೆಪಿಜೋಲ್ ಎಂಬ ಔಷಧಿಯಿದೆ. ಅದಿಲ್ಲದಿದ್ದರೆ ಕುಡಿಯುವ ಮದ್ಯದಲ್ಲಿರುವ ಮದ್ಯಸಾರವಾದ ಎಥನಾಲನ್ನೇ ಶುದ್ಧ ರೂಪದಲ್ಲಿ ಅಳತೆಯಲ್ಲಿ ಕೊಟ್ಟು, ಡಯಾಲಿಸಿಸ್ ಮಾಡಿ ಉಳಿಸಬಹುದು. ನಿಷೇಧ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಾರಾಯಿ ವಿರುದ್ಧ ಹೋರಾಡಿದ ಹೆಣ್ಣುಮಕ್ಕಳ ನೋವು ನಿಜವಾದದ್ದು. ಅವಲಂಬಿತ ದೇಹಗಳನ್ನು ಚಿಕಿತ್ಸೆಯಿಲ್ಲದೆ ಬಿಟ್ಟು ಅಂಗಡಿ ಮಾತ್ರ ಮುಚ್ಚಿದರೆ ಆ ದೇಹಗಳು ಮತ್ತೇನನ್ನೋ ಹುಡುಕಿಕೊಂಡು ಹೋಗುತ್ತವೆ.

ಮಾತ್ರೆಗಳ ವಿಷಯದಲ್ಲೂ ಇದೇ ನಡೆದಿದೆ. ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಎಂಬ ನೋವುನಿವಾರಕ 2013ರಲ್ಲಿ ನಿಷೇಧವಾಯಿತು. ಅದೇ ಬಗೆಯ ನೋವುನಿವಾರಕವಾದ ಟ್ರಮಡಾಲ್ 2018ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಹಿಡಿತಕ್ಕೆ ಬಂತು. ಆ ಜಾಗಕ್ಕೆ ಕಾಲಿಟ್ಟದ್ದು ಟ್ಯಾಪೆಂಟಡಾಲ್. ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ನಂತರದ ದಿನಗಳಲ್ಲಿ ಇದು ಹೊಸ ಪಿಡುಗಾದೀತು ಎಂದು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ವೈದ್ಯರು ತಮ್ಮ ರೋಗಿಗಳ ಅನುಭವದ ಆಧಾರದ ಮೇಲೆ 2018ರಲ್ಲೇ ಬರೆದಿದ್ದರು. ಮೂಳೆ ಮುರಿತ, ಶಸ್ತ್ರಚಿಕಿತ್ಸೆಯ ನೋವಿಗೆ ಬರೆದುಕೊಡುವ ಈ ಮಾತ್ರೆ ಮಾರ್ಫಿನ್ ಹಿಡಿಯುವ ಗ್ರಾಹಕವನ್ನೇ ಹಿಡಿಯುತ್ತದೆ. ಮೆಡಿಕಲ್ ಶಾಪಿನ ಸ್ಟ್ರಿಪ್‌ನಲ್ಲಿ ಬರುವುದರಿಂದ "ಇದು ಡ್ರಗ್ಸ್ ಅಲ್ಲ, ಮಾತ್ರೆ" ಎಂಬ ಸಮಾಧಾನ ಹುಡುಗರಲ್ಲಿದೆ. ಪುಡಿಮಾಡಿ, ನೀರಿನಲ್ಲಿ ಕಲಸಿ, ನರಕ್ಕೆ ಚುಚ್ಚಿಕೊಳ್ಳುವವರೂ ಇದ್ದಾರೆ. ಮಾತ್ರೆಯಲ್ಲಿ ಔಷಧಿಯ ಜೊತೆಗೆ ಟಾಲ್ಕ್, ಸೆಲ್ಯುಲೋಸ್‌ನಂತಹ ಕರಗದ ಪುಡಿಗಳೂ ಇರುತ್ತವೆ. ಹೊಟ್ಟೆಗೆ ಹೋದರೆ ಅವು ನಿರಪಾಯಕಾರಿ. ರಕ್ತಕ್ಕೆ ಹೋದರೆ ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಂಡು ಗಂಟುಕಟ್ಟುತ್ತವೆ, ಉಸಿರಾಟದ ಸಾಮರ್ಥ್ಯವನ್ನು ಕಾಯಂ ಆಗಿ ಕುಗ್ಗಿಸುತ್ತವೆ. ತೋಳಿನಲ್ಲಿ ಕೀವು, ಹೃದಯದ ಕವಾಟಕ್ಕೆ ಸೋಂಕು, ಒಂದೇ ಸೂಜಿಯನ್ನು ಹಂಚಿಕೊಂಡರೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಇದರ ಹಿಂದೆಯೇ ಬರುತ್ತವೆ.

ಓಪಿಯಾಯ್ಡ್‌ಗಳು ಕೊಲ್ಲುವುದು ಉಸಿರು ನಿಲ್ಲಿಸಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಉಸಿರೆಳೆಯುವಂತೆ ಒತ್ತಾಯಿಸುವ ನರಕೇಂದ್ರ ಮಿದುಳಿನ ಕಾಂಡದಲ್ಲಿದೆ. ಓಪಿಯಾಯ್ಡ್ ಅದನ್ನು ಮಂಕುಗೊಳಿಸುತ್ತದೆ. ಪ್ರಜ್ಞೆ ತಪ್ಪಿರುವುದು, ನಿಮಿಷಕ್ಕೆ ಬೆರಳೆಣಿಕೆಯಷ್ಟು ಉಸಿರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ಈ ಮೂರೂ ಒಟ್ಟಿಗಿದ್ದರೆ ವಿಷವೇರಿಕೆ ಯಾವುದರಿಂದ ಎಂದು ತಿಳಿಯಲು ರಕ್ತಪರೀಕ್ಷೆಗೆ ಕಾಯಬೇಕಿಲ್ಲ. ನ್ಯಾಲೊಕ್ಸೋನ್ ಎಂಬ ಪ್ರತಿವಿಷ ಗ್ರಾಹಕದಿಂದ ಓಪಿಯಾಯ್ಡನ್ನು ಕಿತ್ತೊಗೆದು ಎರಡು-ಮೂರು ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಅದರ ಪ್ರಭಾವ ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯುವುದರಿಂದ ಎದ್ದು ಕೂತವರನ್ನು ಕೂಡಲೇ ಮನೆಗೆ ಕಳಿಸಬಾರದು; ಒಳಗಿನ ವಿಷ ಇನ್ನೂ ಉಳಿದಿದ್ದರೆ ಮತ್ತೆ ಉಸಿರು ಇಳಿಯುತ್ತದೆ. ವ್ಯಸನಿಗಳ ಮನೆಯವರ, ಗೆಳೆಯರ ಕೈಗೂ ಈ ಔಷಧಿ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಶಿಫಾರಸು ಮಾಡಿತು. ನಮ್ಮಲ್ಲಿ ಅದು ಮುಖ್ಯವಾಗಿ ಆಸ್ಪತ್ರೆಯ ಚುಚ್ಚುಮದ್ದಾಗಿಯೇ ಉಳಿದಿದೆ. ಮದ್ಯ ಅಥವಾ ನಿದ್ರೆ ಮಾತ್ರೆ ಜೊತೆಗೂಡಿದರೆ ಸಾಮಾನ್ಯ ಪ್ರಮಾಣವೂ ಮಾರಕವಾಗಬಲ್ಲದು.

ದಿನವೂ ಬಳಸುವವರು ಕ್ರಮೇಣ ದೊಡ್ಡ ಪ್ರಮಾಣಗಳನ್ನು ತಡೆದುಕೊಳ್ಳುವಂತಾಗುವುದನ್ನು ಸಹಿಷ್ಣುತೆ ಎನ್ನುತ್ತಾರೆ. ಈ ಸಹಿಷ್ಣುತೆ ಎಲ್ಲ ಅಂಗಗಳಲ್ಲೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಸುಖದ ಅನುಭವ ಬೇಗ ಮಾಸುತ್ತದೆ. ಉಸಿರಾಟದ ಕೇಂದ್ರ ನಿಧಾನವಾಗಿ, ಅರೆಬರೆಯಾಗಿ ಒಗ್ಗಿಕೊಳ್ಳುತ್ತದೆ. ಮಲಬದ್ಧತೆಯಂತೂ ಹೋಗುವುದೇ ಇಲ್ಲ. ಹಾಗಾಗಿ ಹಳೆಯ ಸುಖಕ್ಕಾಗಿ ಪ್ರಮಾಣ ಏರಿಸುತ್ತ ಹೋದಂತೆ ಸುರಕ್ಷಿತ ಅಂತರ ಕಿರಿದಾಗುತ್ತ ಹೋಗುತ್ತದೆ. ಬಿಟ್ಟಾಗ ಈ ಸಹಿಷ್ಣುತೆ ಕೆಲವೇ ದಿನ, ವಾರಗಳಲ್ಲಿ ಇಳಿದುಹೋಗುತ್ತದೆ. ತಿಂಗಳ ಹಿಂದೆ ನಿತ್ಯದ ಪ್ರಮಾಣವಾಗಿದ್ದುದು ಈಗ ಕೊಲ್ಲುವ ಪ್ರಮಾಣ. ಕೈ ಮಾತ್ರ ಹಳೆಯ ಲೆಕ್ಕದಲ್ಲೇ ತೆಗೆದುಕೊಳ್ಳುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಸಾಧ್ಯತೆ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಪುನರ್ವಸತಿ ಕೇಂದ್ರದಿಂದ ಹೊರಬರುವ ಹುಡುಗನ ದೇಹಸ್ಥಿತಿಯೂ ಇದೇ. ಬಿಡುಗಡೆಯ ದಿನ ಹಾರ ಹಾಕಿ ಕಳಿಸುವ ಕೇಂದ್ರಗಳು ಈ ಮಾತನ್ನು ಹುಡುಗನಿಗಾಗಲೀ ತಂದೆತಾಯಿಗಾಗಲೀ ಬಿಡಿಸಿ ಹೇಳಬೇಕು.

ಸಹಿಷ್ಣುತೆ ಬರಿಯ ದೇಹದ ಸಂಗತಿಯೂ ಅಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇಲಿಗಳಿಗೆ ಒಂದು ನಿರ್ದಿಷ್ಟ ಪರಿಸರದಲ್ಲಿ ಹೆರಾಯಿನ್ ಕೊಡುತ್ತ ಪ್ರಮಾಣ ಏರಿಸಿದರು. ಕೊನೆಯಲ್ಲಿ ಎಲ್ಲಕ್ಕೂ ಒಂದೇ ದೊಡ್ಡ ಪ್ರಮಾಣ ಚುಚ್ಚಿದಾಗ, ರೂಢಿಯ ಪರಿಸರದಲ್ಲಿ ಪಡೆದವುಗಳಲ್ಲಿ ಸುಮಾರು ಶೇ 32, ಅಪರಿಚಿತ ಪರಿಸರದಲ್ಲಿ ಪಡೆದವುಗಳಲ್ಲಿ ಶೇ 64, ಹಿಂದೆಂದೂ ಹೆರಾಯಿನ್ ಪಡೆಯದಿದ್ದವುಗಳಲ್ಲಿ ಶೇ 96 ಸತ್ತವು. ಪರಿಚಿತ ಜಾಗ ಕಂಡ ಕೂಡಲೇ ದೇಹ ಬರಲಿರುವ ವಿಷಕ್ಕೆ ಎದುರುಬಲವನ್ನು ಮುಂಗಡವಾಗಿ ಸಜ್ಜುಗೊಳಿಸುತ್ತದೆ. ಹೊಸ ಜಾಗದಲ್ಲಿ ಆ ಸೂಚನೆ ಸಿಗುವುದಿಲ್ಲ. ಮನಸ್ಸಿನ ಕಲಿಕೆ ಸಾವು ಬದುಕನ್ನು ತೀರ್ಮಾನಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆಯನ್ನು ನಾನು ಓದಿಲ್ಲ.

ಮರುಕಳಿಕೆಯ ಬೇರೂ ಇದೇ ಕಲಿಕೆಯಲ್ಲಿದೆ. ಡೋಪಮಿನ್ ಎಂದರೆ ಸುಖದ ರಾಸಾಯನಿಕ ಎಂದು ಜನಪ್ರಿಯ ಬರಹಗಳಲ್ಲಿ ಓದುತ್ತೇವೆ. ಅದರ ಮುಖ್ಯ ಕೆಲಸ ಬೇರೆ: ಯಾವುದು ಮುಖ್ಯ, ಯಾವುದರ ಬೆನ್ನುಹತ್ತಬೇಕು ಎಂದು ಗುರುತು ಹಾಕುವುದು. ಮಾದಕ ವಸ್ತುಗಳು ಊಟ, ಒಲವು, ಗೆಲುವು ಕೊಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಡೋಪಮಿನ್ ಹರಿಸಿ, ಆ ಹೊತ್ತಿನಲ್ಲಿ ಸುತ್ತ ಇದ್ದುದೆಲ್ಲಕ್ಕೂ ಈ ಗುರುತು ಒತ್ತುತ್ತವೆ. ಸೇದಿದಾಗ, ಚುಚ್ಚಿಕೊಂಡಾಗ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುವುದರಿಂದ ಅಚ್ಚು ಇನ್ನೂ ಆಳ. ಸಂಬಳದ ದಿನ, ಬಾರಿನ ಮುಂದಿನ ತಿರುವು, ಹಳೆಯ ಗೆಳೆಯನ ಬೈಕಿನ ಸದ್ದು, ಬೆಳ್ಳಿ ಹಾಳೆಯ ಸರಸರ ಸದ್ದು ತಿಂಗಳುಗಳಾದ ಮೇಲೂ ತುಡಿತವನ್ನು ಎಬ್ಬಿಸುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ತೋರಿಸಿದಂತೆ, ವ್ಯಸನ ಬಲಿತಂತೆ ಬೇಕೆನ್ನುವುದು ಬೆಳೆಯುತ್ತದೆ, ಹಿಡಿಸುವುದು ಹಾಗೆ ಬೆಳೆಯುವುದಿಲ್ಲ. "ಈಗ ಅದರಲ್ಲಿ ಮಜವೇನೂ ಇಲ್ಲ, ಆದರೂ ಬಿಡಲಾಗುತ್ತಿಲ್ಲ" ಎನ್ನುವ ರೋಗಿ ನೆಪ ಹೇಳುತ್ತಿಲ್ಲ. ತನ್ನ ಮಿದುಳಿನ ಸ್ಥಿತಿಯನ್ನು ಇದ್ದದ್ದಿದ್ದಂತೆ ಹೇಳುತ್ತಿದ್ದಾನೆ.

ಹಾಗಾದರೆ ಒಮ್ಮೆ ಬಿದ್ದವರು ಮೇಲೇಳುವುದೇ ಇಲ್ಲವೇ? ವಿಯೆಟ್ನಾಂ ಯುದ್ಧದ ಕೊನೆಯಲ್ಲಿ ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಐವರಲ್ಲಿ ಒಬ್ಬರು ಹೆರಾಯಿನ್ ಅಥವಾ ಅಫೀಮಿಗೆ ದಾಸರಾಗಿದ್ದರು. ಸಮಾಜವಿಜ್ಞಾನಿ ಲೀ ರಾಬಿನ್ಸ್ ಈ ಸೈನಿಕರನ್ನು ಹಿಂಬಾಲಿಸಿ ಅಧ್ಯಯನ ಮಾಡಿದಾಗ, ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ಅಂಥವರಲ್ಲಿ ಶೇ 5ರಷ್ಟು ಮಾತ್ರ ಎಂಬುದು ತಿಳಿಯಿತು. ಪರಿಸರ ಪೂರ್ತಿ ಬದಲಾಗಿತ್ತು. ಮನೆ, ಕೆಲಸ, ಹೊಸ ದಿನಚರಿ ಕಾದಿದ್ದವು. ನಮ್ಮ ಹುಡುಗ ಕೇಂದ್ರದಿಂದ ಹೊರಬಂದು ಮರಳುವುದು ಮಾತ್ರೆ ಸಿಕ್ಕಿದ ಅದೇ ಬೀದಿಗೆ, ನಿರುದ್ಯೋಗದ ಅದೇ ಬೇಸರಕ್ಕೆ, ಬೈಗುಳದ ಅದೇ ಮನೆಗೆ. ವ್ಯಸನಕ್ಕೆ ಒಳಗಾಗುವ ಸಾಧ್ಯತೆಯಲ್ಲಿ ಸರಿಸುಮಾರು ಅರ್ಧ ಪಾಲು ಅನುವಂಶೀಯತೆಯದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಉಳಿದದ್ದರಲ್ಲಿ ಬಾಲ್ಯದ ಹಿಂಸೆ, ಖಿನ್ನತೆ, ಗಮನದ ಕೊರತೆಯ ತೊಂದರೆ ಮತ್ತು ಶುರುಮಾಡಿದ ವಯಸ್ಸು ದೊಡ್ಡ ಪಾತ್ರ ವಹಿಸುತ್ತವೆ. ಮುಂದಾಲೋಚನೆಗೆ, ತಡೆದುಕೊಳ್ಳುವುದಕ್ಕೆ ಬೇಕಾದ ಮುಂಭಾಗದ ಮಿದುಳು ಮಾಗುವುದು ಇಪ್ಪತ್ತು ದಾಟಿದ ಮೇಲೆ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಬೀದಿ ಮಕ್ಕಳನ್ನು ನೆನೆಯಿರಿ: 2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಏಕೈಕ ವರ್ಗ ಈ ಮೂಸುವ ಪದಾರ್ಥಗಳದು. ಅವುಗಳಲ್ಲಿನ ದ್ರಾವಕ ಹೃದಯವನ್ನು ಗಾಬರಿಯಾದಾಗ ದೇಹ ಸುರಿಸುವ ಅಡ್ರಿನಲಿನ್‌ಗೆ ಅತಿಸೂಕ್ಷ್ಮವಾಗಿಸುತ್ತದೆ. ಮೂಸುತ್ತಿರುವ ಮಗುವನ್ನು ಗದರಿಸಿ ಅಟ್ಟಿಸಿಕೊಂಡು ಹೋದರೆ ಆ ಗಾಬರಿಯ ಓಟದಲ್ಲೇ ಹೃದಯದ ಲಯ ತಪ್ಪಿ ಮಗು ಕುಸಿದು ಸಾಯಬಹುದು. ಬೀದಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಪೊಲೀಸರಿಗೂ ಇದು ತಿಳಿದಿರಬೇಕು.

ಹಾಸ್ಟೆಲು, ಕಂಪನಿ, ಕೆಲವು ಮನೆಗಳಲ್ಲಿ ಈಗ ಮೂತ್ರ ಪರೀಕ್ಷೆಯ ಪಟ್ಟಿಗಳು ಬಳಕೆಗೆ ಬಂದಿವೆ. ಅವುಗಳ ಮಿತಿಯನ್ನು ಅರಿಯದೆ ತೀರ್ಪು ಕೊಡುವುದು ಅನ್ಯಾಯಕ್ಕೆ ದಾರಿ. ಪಟ್ಟಿಯಲ್ಲಿ ನಡೆಯುವುದು ಪ್ರಾಥಮಿಕ ಜರಡಿ ಮಾತ್ರ. ದೃಢಪಡಿಸಲು ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೊಮೆಟ್ರಿ ಬೇಕು. ಗಸಗಸೆ ಪಾಯಸ ಉಂಡವರ ಮೂತ್ರದಲ್ಲಿ ಮಾರ್ಫಿನ್ ಅಂಶ ಕಾಣಿಸಿಕೊಳ್ಳಬಹುದು, ಏಕೆಂದರೆ ಗಸಗಸೆ ಅಫೀಮು ಗಿಡದ್ದೇ ಬೀಜ. ಯುಎಇಯಂತಹ ಕೊಲ್ಲಿ ರಾಷ್ಟ್ರಗಳಲ್ಲಿ ಗಸಗಸೆಯೇ ನಿಷಿದ್ಧ. ಮಂಗಳೂರು, ಭಟ್ಕಳದಿಂದ ಹೊರಡುವವರು ಚೀಲದಲ್ಲಿ ಅದನ್ನು ಕಟ್ಟಿಕೊಳ್ಳಬಾರದು. ಇನ್ನೊಂದು ಕಡೆ, ಮಾರ್ಫಿನ್ ಹುಡುಕುವ ಸಾಮಾನ್ಯ ಪಟ್ಟಿ ಟ್ಯಾಪೆಂಟಡಾಲನ್ನು ಹಿಡಿಯುವುದಿಲ್ಲ. ಗಾಂಜಾದ ಅಂಶ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ದಿನವೂ ಸೇದುತ್ತಿದ್ದವರು ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಬರುತ್ತದೆ; ನಿಜವಾಗಿ ಬಿಟ್ಟ ಮಗನಿಗೆ "ಸುಳ್ಳ" ಎಂಬ ಪಟ್ಟ ಸಿಗುತ್ತದೆ.

ಬಿಟ್ಟ ಮೇಲಿನ ಅವಧಿಗೆಂದೇ ಇರುವ ಚಿಕಿತ್ಸೆಗಳನ್ನು ನಾವು ಅಷ್ಟಾಗಿ ಬಳಸುತ್ತಿಲ್ಲ. ಓಪಿಯಾಯ್ಡ್ ವ್ಯಸನಕ್ಕೆ ಬುಪ್ರೆನಾರ್ಫಿನ್ ಎಂಬ, ನಾಲಿಗೆಯಡಿ ಇಡುವ ಮಾತ್ರೆಯಿದೆ. ಅದು ಅದೇ ಗ್ರಾಹಕವನ್ನು ಗಟ್ಟಿಯಾಗಿ ಹಿಡಿದು ಅರ್ಧಮಟ್ಟದಲ್ಲಿ ಮಾತ್ರ ಕೆಲಸ ಮಾಡುವುದರಿಂದ ತುಡಿತ ತಣಿಯುತ್ತದೆ, ಅಮಲೇರುವುದಿಲ್ಲ, ಉಸಿರು ಕುಗ್ಗುವುದಕ್ಕೂ ಒಂದು ಮಿತಿಯಿರುತ್ತದೆ. ಇದನ್ನು ತಿಂಗಳುಗಟ್ಟಲೆ, ಅಗತ್ಯವಿದ್ದರೆ ವರ್ಷಗಟ್ಟಲೆ ಮುಂದುವರಿಸಿದವರಲ್ಲಿ ಸಾವಿನ ಪ್ರಮಾಣ ಚಿಕಿತ್ಸೆಯಿಲ್ಲದವರಿಗಿಂತ ಅರ್ಧಕ್ಕೆ ಇಳಿಯುತ್ತದೆ ಅಥವಾ ಅದಕ್ಕಿಂತಲೂ ಕಡಿಮೆಯಾಗುತ್ತದೆ. ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ತಡೆಗೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕೇಂದ್ರಗಳಲ್ಲಿ ಇದನ್ನು ಕೊಡಲಾಗುತ್ತದೆ. "ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸುತ್ತೀರಾ" ಎಂಬ ಆಕ್ಷೇಪ ತಂದೆತಾಯಿಗಳಿಂದ ಖಂಡಿತ ಬರುತ್ತದೆ, ಕೆಲವೊಮ್ಮೆ ವೈದ್ಯರಿಂದಲೂ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಜೀವನವಿಡೀ ನುಂಗುವವರನ್ನು ನಾವು ಚಟಗಾರರು ಎನ್ನುವುದಿಲ್ಲ. ಕೆಲಸಕ್ಕೆ ಹೋಗಿ, ಮಕ್ಕಳನ್ನು ಶಾಲೆಗೆ ಬಿಟ್ಟು, ರಾತ್ರಿ ನೆಟ್ಟಗೆ ಮಲಗುವ ಮನುಷ್ಯನ ನಾಲಿಗೆಯಡಿಯ ಮಾತ್ರೆಯ ಬಗ್ಗೆ ನಮಗೇಕೆ ಇಷ್ಟು ಅಸಹನೆ? ಮದ್ಯಕ್ಕೂ ನಾಲ್‌ಟ್ರೆಕ್ಸೋನ್, ಅಕಾಂಪ್ರೋಸೇಟ್‌ನಂತಹ ಔಷಧಿಗಳಿವೆ. ಮನೋಚಿಕಿತ್ಸೆಯ ಪಾತ್ರ ಇದರ ಜೊತೆಗೇ ಇರಬೇಕು: ತುಡಿತ ಏಳುವ ಜಾಗ, ಹೊತ್ತು, ಜನರನ್ನು ರೋಗಿಯೇ ಗುರುತಿಸುವುದು, ತುಡಿತ ಅಲೆಯಂತೆ ಎದ್ದು ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುವುದನ್ನು ಅಭ್ಯಾಸದಿಂದ ಕಂಡುಕೊಳ್ಳುವುದು, ಒಮ್ಮೆ ಜಾರಿದರೆ "ಎಲ್ಲ ಮುಗಿಯಿತು" ಎಂದು ಪೂರ್ತಿ ಬೀಳದಂತೆ, ಮರುದಿನವೇ ಬಂದು ಹೇಳುವ ಧೈರ್ಯ ಬೆಳೆಸಿಕೊಳ್ಳುವುದು. ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಜನ ಒಂದು ವರ್ಷದೊಳಗೆ ಜಾರುತ್ತಾರೆ. ರಕ್ತದೊತ್ತಡ, ಅಸ್ತಮಾ ರೋಗಿಗಳು ಮಾತ್ರೆ ತಪ್ಪಿಸಿ ಮತ್ತೆ ಹದಗೆಡುವ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ. ಅಸ್ತಮಾ ಮರುಕಳಿಸಿದವರನ್ನು ನಾವು ಮನೆಯಿಂದ ಹೊರಗೆ ಹಾಕುವುದಿಲ್ಲ. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಮಾತು ಮಾತ್ರ ಯಾವ ಚಿಕಿತ್ಸಾ ಕ್ರಮದಲ್ಲೂ ಇಲ್ಲ. ಅದು ಇನ್ನೊಬ್ಬ ಹೆಣ್ಣುಮಗಳ ಬದುಕನ್ನು ಪ್ರಯೋಗಕ್ಕೆ ಒಡ್ಡುವ ಕೆಲಸ.

ಕಾನೂನು ಈ ವಿಷಯದಲ್ಲಿ ನಮ್ಮ ರೂಢಿಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅಂತಹವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಾಯಿತವಾಗಿರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟಬಾರದು. ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಸೇವನೆಯನ್ನೇ ಅಪರಾಧವೆಂದರೂ, ಸಣ್ಣ ಪ್ರಮಾಣದ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಈ ಕಲಂ ಕುರಿತು ಗೊತ್ತಿರುವ ಪೋಷಕರು ಎಷ್ಟು ಕಡಿಮೆ ಎಂಬುದು, ಗೆಳೆಯ ಉಸಿರು ನಿಂತು ಬಿದ್ದಾಗ ಪೊಲೀಸರ ಭಯಕ್ಕೆ ಓಡಿಹೋಗುವ ಹುಡುಗರನ್ನು ನೋಡಿದರೆ ತಿಳಿಯುತ್ತದೆ. ಬಾಗಿಲಿಗೆ ಬೀಗ ಹಾಕಿ, ಫೋನ್ ಕಿತ್ತುಕೊಂಡು, ಹೊಡೆದು "ಸರಿಮಾಡುವ" ಕೇಂದ್ರಗಳು ನಮ್ಮ ನಡುವೆ ಇನ್ನೂ ಇವೆ. ಸೇರಿಸುವ ಮೊದಲು ಮನೆಯವರು ನೋಂದಣಿ ಪತ್ರ ಕೇಳಬೇಕು, ಮನೋವೈದ್ಯರು ವಾರದಲ್ಲಿ ಎಷ್ಟು ಸಲ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಬೇಕು. ಹೊರಬರುವಾಗ ಮುಂದುವರಿಸಬೇಕಾದ ಔಷಧಿ, ಮೊದಲ ತಿಂಗಳ ಭೇಟಿಯ ದಿನಾಂಕಗಳು, ಸಹಿಷ್ಣುತೆ ಇಳಿದಿರುವುದರಿಂದ ಹಳೆಯ ಪ್ರಮಾಣ ಮಾರಕವಾಗಬಹುದು ಎಂಬ ಎಚ್ಚರಿಕೆ, ಈ ಮೂರನ್ನೂ ಕನ್ನಡದಲ್ಲಿ ಬರೆದುಕೊಡುವಂತೆ ಕೇಳುವ ಹಕ್ಕು ಅವರಿಗಿದೆ. ಸಲಹೆಗೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಮತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇವೆ. ಎಬ್ಬಿಸಿದರೂ ಏಳದೆ, ಗೊರಗೊರ ಸದ್ದಿನೊಂದಿಗೆ ಉಸಿರು ನಿಧಾನವಾಗಿ, ತುಟಿ ನೀಲಿಯಾಗುತ್ತಿರುವವರನ್ನು ಕಂಡರೆ "ಮಲಗಿ ಅಮಲು ಇಳಿಸಿಕೊಳ್ಳಲಿ" ಎಂದು ಬಿಡಬಾರದು. ಒಂದು ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿ, 108ಕ್ಕೆ ಕರೆಮಾಡಿ, ಏನು ತೆಗೆದುಕೊಂಡಿದ್ದರು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಖಾಲಿ ಸ್ಟ್ರಿಪ್ ಸಿಕ್ಕಿದರೆ ಅದನ್ನೂ ಆಂಬುಲೆನ್ಸಿನವರ ಕೈಗೆ ಕೊಡಬೇಕು.